ಸ್ವಿಚ್ ಹಾಕುವ ಮೊದಲು ಉತ್ತರ ಬರೆದಿಡಿ: ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಗೆಲ್ಲುವ ಸೂತ್ರಗಳು

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್ ಮಧ್ಯಾಹ್ನಗಳು ಹೇಗೆ ಕಳೆಯುತ್ತವೆ ಎಂಬುದು ಅಲ್ಲಿ ಓದಿದವರಿಗೆಲ್ಲ ಗೊತ್ತು. ಕನೆಕ್ಷನ್ ಕೊಡುವವನು ಒಬ್ಬ, ನಿಂತು ನೋಡುವವರು ಮೂವರು. ಔಟ್‌ಪುಟ್ ಬಂದರೆ ಸರಿ, ಬಾರದಿದ್ದರೆ ಪಕ್ಕದ ಟೇಬಲ್ಲಿನ ರೀಡಿಂಗ್. ರಾತ್ರಿ ಹಾಸ್ಟೆಲಿನಲ್ಲಿ ರೆಕಾರ್ಡ್ ಬರೆಯುವ ಹೊತ್ತಿಗೆ ಸೀನಿಯರ್ ಒಬ್ಬರ ಹಳೆಯ ರೆಕಾರ್ಡ್ ರೂಮಿಂದ ರೂಮಿಗೆ ಓಡಾಡುತ್ತದೆ. ಅಂಕವೇನೋ ಬರುತ್ತದೆ, ಕೈ ಮಾತ್ರ ಪಳಗುವುದಿಲ್ಲ. ಮುಂದೆ ಕೆಲಸಕ್ಕೆ ಸೇರಿ ಒಂದು ಸತ್ತ ಬೋರ್ಡಿನ ಎದುರು ಕೂತಾಗ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕೈ ನಡುಗುತ್ತದೆ.

ವಿಟಿಯು ಕಾಲೇಜಿರಲಿ, ಪಾಲಿಟೆಕ್ನಿಕ್ ಇರಲಿ, ಪ್ರಯೋಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ರೆಕ್ಟಿಫೈಯರ್, ಆಂಪ್ಲಿಫೈಯರ್, 555 ಟೈಮರ್, ಟ್ರಾನ್ಸ್‌ಫಾರ್ಮರಿನ ಓಸಿ–ಎಸ್‌ಸಿ ಟೆಸ್ಟ್, ಡಿಸಿ ಮೋಟರಿನ ವೇಗ ನಿಯಂತ್ರಣ. ಇವೇ ಸಾಕು. ಇವುಗಳನ್ನು ಮಾಡುವ ರೀತಿ ಬದಲಾದರೆ ಇದೇ ಲ್ಯಾಬಿನಿಂದ ಗಟ್ಟಿ ಇಂಜಿನಿಯರುಗಳು ಹೊರಬರುತ್ತಾರೆ. ಹೇಗೆ ಬದಲಾಗಬೇಕು ಎಂಬುದು ಮುಂದಿದೆ.

1. ಸ್ವಿಚ್ ಹಾಕುವ ಮೊದಲು ಉತ್ತರ ಬರೆದಿಡಿ

ಒಂದೇ ಸೂತ್ರ ಪಾಲಿಸುತ್ತೇನೆ ಎನ್ನುವವರಿಗೆ ಇದನ್ನೇ ಕೊಡುತ್ತೇನೆ. ಸರ್ಕ್ಯೂಟ್ ಕಟ್ಟಿ ಮುಗಿದ ಮೇಲೆ, ಸಪ್ಲೈ ಕೊಡುವ ಮುಂಚೆ, ಅಬ್ಸರ್ವೇಷನ್ ಪುಸ್ತಕದಲ್ಲಿ ಪೆನ್ನಿನಿಂದ ಬರೆಯಿರಿ: ಮೀಟರ್ ಎಷ್ಟು ತೋರಿಸಬೇಕು?

ಫುಲ್‌ವೇವ್ ರೆಕ್ಟಿಫೈಯರನ್ನೇ ತೆಗೆದುಕೊಳ್ಳಿ. ಟ್ರಾನ್ಸ್‌ಫಾರ್ಮರ್ ಮೇಲೆ 12–0–12 ಎಂದಿದೆ. ಕೆಪಾಸಿಟರ್ ಹಾಕದೆ ಲೋಡ್ ಮೇಲೆ ಡಿಸಿ ಎಷ್ಟು ಬರುತ್ತದೆ ಎಂದು ಕೇಳಿದರೆ ತರಗತಿಯ ಅರ್ಧದಷ್ಟು ಮಂದಿ 12 ಎನ್ನುತ್ತಾರೆ. 12 ಎಂಬುದು ಆರ್‌ಎಂಎಸ್. ಅದರ ಶಿಖರ ಸುಮಾರು 17 ವೋಲ್ಟ್, ಡಯೋಡಿನಲ್ಲಿ 0.7 ಹೋದರೆ 16.3. ಅದರ ಸರಾಸರಿ, ಅಂದರೆ ಎರಡರಿಂದ ಗುಣಿಸಿ ಪೈಯಿಂದ ಭಾಗಿಸಿದರೆ, 10.4 ವೋಲ್ಟ್. ಮಲ್ಟಿಮೀಟರಿನ ಡಿಸಿ ರೇಂಜ್ ತೋರಿಸುವುದು ಈ ಹತ್ತರ ಆಸುಪಾಸಿನ ಸಂಖ್ಯೆಯನ್ನು. ಈಗ ಕೆಪಾಸಿಟರ್ ಸೇರಿಸಿ, ಲೋಡ್ ತೆಗೆಯಿರಿ: ರೀಡಿಂಗ್ 16 ದಾಟುತ್ತದೆ. ಒಂದೇ ಟ್ರಾನ್ಸ್‌ಫಾರ್ಮರ್, ಮೂರು ಸಂಖ್ಯೆ. ಮೂರನ್ನೂ ಮೊದಲೇ ಬರೆದಿಟ್ಟವನಿಗೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ: ಇಲ್ಲಿ 16 ವೋಲ್ಟಿನ ಕೆಪಾಸಿಟರ್ ಹಾಕಿದರೆ ಅದು ಬಿಸಿಯಾಗಿ ಉಬ್ಬಿ ಸಿಡಿಯಬಹುದು, 25 ವೋಲ್ಟಿನದೇ ಬೇಕು. ಇದು ಲೆಕ್ಕದಿಂದ ತಿಳಿಯಬೇಕು, ಸದ್ದಿನಿಂದ ಅಲ್ಲ.

ರಿಪಲ್ಲನ್ನೂ ಹೀಗೇ ಮೊದಲೇ ಹೇಳಬಹುದು. 100 ಮಿಲಿಆಂಪಿಯರ್ ಲೋಡ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್. 50 ಹರ್ಟ್ಜ್ ಸಪ್ಲೈನಲ್ಲಿ ಫುಲ್‌ವೇವ್ ರಿಪಲ್ ಸೆಕೆಂಡಿಗೆ 100 ಸಲ. ಕರೆಂಟನ್ನು 100ರಿಂದಲೂ ಕೆಪಾಸಿಟೆನ್ಸಿನಿಂದಲೂ ಭಾಗಿಸಿದರೆ ಶಿಖರದಿಂದ ತಳಕ್ಕೆ ಸುಮಾರು 1 ವೋಲ್ಟ್. ಸಿಆರ್‌ಒ ಪರದೆಯಲ್ಲಿ ಆ ಒಂದು ವೋಲ್ಟಿನ ಗರಗಸದ ಹಲ್ಲುಗಳು ಕಂಡಾಗ ಆಗುವ ಸಂತೋಷವನ್ನು ಪಠ್ಯಪುಸ್ತಕ ಕೊಡಲಾರದು.

2. ಹೊಂದದ ರೀಡಿಂಗನ್ನು ಅಳಿಸಬೇಡಿ

ಬರೆದಿಟ್ಟ ಉತ್ತರಕ್ಕೂ ಮೀಟರಿಗೂ ತಾಳೆಯಾಗದಿದ್ದರೆ ಅಲ್ಲಿಂದಲೇ ಕಲಿಕೆ ಶುರು. 555 ಆಸ್ಟೇಬಲ್ ಕಟ್ಟಿದ್ದೀರಿ, ಲೆಕ್ಕದ ಪ್ರಕಾರ 1000 ಹರ್ಟ್ಜ್, ಬಂದದ್ದು 860. ರೆಕಾರ್ಡಿನಲ್ಲಿ 990 ಎಂದು ಬರೆದು ಕೈತೊಳೆದುಕೊಳ್ಳುವವರು ಬಹಳ. ಬದಲಿಗೆ ಕೆಪಾಸಿಟರನ್ನು ಅಳೆಯಿರಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಿಗೆ ಶೇಕಡ 20ರಷ್ಟು ಹೆಚ್ಚುಕಡಿಮೆ ಸಾಮಾನ್ಯ. 1 ಮೈಕ್ರೋಫ್ಯಾರಡ್ ಎಂದು ಬರೆದದ್ದು 1.16 ಇದ್ದರೆ ನಿಮ್ಮ 860ಕ್ಕೆ ಕಾರಣ ಸಿಕ್ಕಿತು. ರೆಕಾರ್ಡಿನಲ್ಲಿ ಎರಡನ್ನೂ ಬರೆಯಿರಿ, ಕಾರಣವನ್ನೂ ಬರೆಯಿರಿ. ಒಳ್ಳೆಯ ಪರೀಕ್ಷಕರು ಇಂಥ ಪುಟ ಕಂಡರೆ ನಿಲ್ಲುತ್ತಾರೆ.

ತಪ್ಪಾಗಿ ಬರೆದದ್ದರ ಮೇಲೆ ಒಂದೇ ಗೆರೆ ಎಳೆಯಿರಿ, ಕೆಳಗಿನದು ಓದುವಂತಿರಲಿ. ವೈಟ್ನರ್ ಬೇಡ, ಪೆನ್ಸಿಲ್ಲೂ ಬೇಡ.

3. ಮೇನ್ ಸ್ವಿಚ್ ಎಲ್ಲಿದೆ?

ಲ್ಯಾಬಿಗೆ ಕಾಲಿಟ್ಟ ಮೊದಲ ದಿನವೇ ನಾಲ್ಕು ಜಾಗ ನೋಡಿಕೊಳ್ಳಿ: ನಿಮ್ಮ ಟೇಬಲ್ಲಿನ ಎಂಸಿಬಿ, ಇಡೀ ಕೋಣೆಯ ಮೇನ್, ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಗೆಳೆಯನಿಗೆ ಶಾಕ್ ಹೊಡೆದಾಗ ಅವನನ್ನು ಮುಟ್ಟಿ ಎಳೆಯಬಾರದು, ಮೊದಲು ಮೇನ್ ಆಫ್ ಮಾಡಬೇಕು. ಆ ಗಾಬರಿಯಲ್ಲಿ ಮೇನ್ ಹುಡುಕಲು ಪುರುಸೊತ್ತು ಇರುವುದಿಲ್ಲ.

ಶೂ ಕಡ್ಡಾಯ. ಚಪ್ಪಲಿ ಹಾಕಿಕೊಂಡು ಮೆಷಿನ್ ಲ್ಯಾಬಿಗೆ ಹೋಗಬೇಡಿ. ದುಪಟ್ಟಾ, ಸಡಿಲ ಕೂದಲು, ಕುತ್ತಿಗೆಯಿಂದ ಜೋತಾಡುವ ಐಡಿ ಕಾರ್ಡಿನ ಟ್ಯಾಗು, ಇವೆಲ್ಲ ತಿರುಗುವ ಶಾಫ್ಟಿಗೆ ಸಿಕ್ಕರೆ ಬಿಡಿಸಿಕೊಳ್ಳುವುದು ಕಷ್ಟ. ಉಂಗುರ, ಲೋಹದ ವಾಚು ಬ್ಯಾಗಿನಲ್ಲಿರಲಿ. ಸರ್ಕ್ಯೂಟ್ ಬದಲಿಸುವಾಗ ಸಪ್ಲೈ ಆಫ್ ಮಾಡಿಯೇ ಬದಲಿಸಬೇಕು, 5 ವೋಲ್ಟಿನ ಕೆಲಸವಾದರೂ ಸರಿ. ಅಭ್ಯಾಸ 5 ವೋಲ್ಟಿನಲ್ಲಿ ಬೆಳೆದರೆ 415 ವೋಲ್ಟಿನಲ್ಲಿ ಕಾಯುತ್ತದೆ.

4. ಮೀಟರಿನ ರೇಂಜ್ ಆರಿಸುವುದೂ ಲೆಕ್ಕವೇ

ಮುಳ್ಳಿನ ಮೀಟರಿನ ಮುಖದ ಮೂಲೆಯಲ್ಲಿ 1.5 ಎಂಬ ಪುಟ್ಟ ಅಂಕಿ ಇರುತ್ತದೆ. ಅದು ಫುಲ್‌ಸ್ಕೇಲಿನ ಶೇಕಡ ಎಷ್ಟು ತಪ್ಪಿರಬಹುದು ಎಂಬ ಲೆಕ್ಕ. 300 ವೋಲ್ಟಿನ ಮೀಟರಿಗೆ ಅದು 4.5 ವೋಲ್ಟ್. ಆ ಮೀಟರಿನಲ್ಲಿ 60 ವೋಲ್ಟ್ ಅಳೆದರೂ ತಪ್ಪು 4.5 ವೋಲ್ಟಿನವರೆಗೆ ಇರಬಹುದು, ಅಂದರೆ ಶೇಕಡ 7.5. 75 ವೋಲ್ಟಿನ ಮೀಟರ್ ತಂದರೆ ಅದೇ ತಪ್ಪು 1.1 ವೋಲ್ಟಿಗೆ ಇಳಿಯುತ್ತದೆ. ಮುಳ್ಳು ಸ್ಕೇಲಿನ ಮೇಲಿನ ಅರ್ಧದಲ್ಲಿ ನಿಲ್ಲುವಂತೆ ಮೀಟರ್ ಆರಿಸಿ. ಪ್ರತಿ ಗೆರೆ 0.1 ಆಂಪಿಯರ್ ಇರುವ ಮೀಟರಿನಲ್ಲಿ 2.347 ಎಂದು ಬರೆಯುವುದು ಸುಳ್ಳು ಬರೆದಂತೆ.

ವಾಟ್‌ಮೀಟರಿಗೆ ಗುಣಕ ಇದೆ, ಮರೆಯಬೇಡಿ. 300 ವೋಲ್ಟ್, 5 ಆಂಪಿಯರ್, ಯುಪಿಎಫ್, ಸ್ಕೇಲಿನಲ್ಲಿ 750 ಭಾಗ ಎಂದಾದರೆ ಪ್ರತಿ ಭಾಗಕ್ಕೆ 2 ವಾಟ್. ಓಸಿ ಟೆಸ್ಟಿನಲ್ಲಿ ಪವರ್ ಫ್ಯಾಕ್ಟರ್ ತೀರ ಕಡಿಮೆ ಇರುವುದರಿಂದ ಎಲ್‌ಪಿಎಫ್ ವಾಟ್‌ಮೀಟರೇ ಬೇಕು.

5. ಮೀಟರ್ ಕೂಡ ಸರ್ಕ್ಯೂಟಿನ ಒಂದು ಭಾಗ

ಹತ್ತು ನಿಮಿಷದ ಪ್ರಯೋಗ, ಯಾವ ಸಿಲಬಸ್ಸಿನಲ್ಲಿ ಇಲ್ಲದಿದ್ದರೂ ಮಾಡಿ. 1 ಮೆಗಾಓಮಿನ ಎರಡು ರೆಸಿಸ್ಟರುಗಳನ್ನು ಸೀರೀಸಿನಲ್ಲಿ ಹಾಕಿ 10 ವೋಲ್ಟ್ ಕೊಡಿ. ಮಧ್ಯದಲ್ಲಿ 5 ವೋಲ್ಟ್ ಇರಬೇಕು. ಮಲ್ಟಿಮೀಟರ್ ಇಟ್ಟು ನೋಡಿದರೆ 4.76 ಬರುತ್ತದೆ, ಏಕೆಂದರೆ ಮೀಟರಿನ ಒಳಗಿನ 10 ಮೆಗಾಓಮ್ ಕೆಳಗಿನ ರೆಸಿಸ್ಟರಿಗೆ ಪ್ಯಾರಲೆಲ್ ಆಯಿತು. ಸಿಆರ್‌ಒ ಪ್ರೋಬನ್ನು 1×ನಲ್ಲಿ ಇಟ್ಟು ಮುಟ್ಟಿಸಿ: ಅದರ ಒಳ ರೆಸಿಸ್ಟೆನ್ಸ್ 1 ಮೆಗಾಓಮ್, ರೀಡಿಂಗ್ 3.33ಕ್ಕೆ ಕುಸಿಯುತ್ತದೆ. ಪ್ರೋಬಿನ ಸ್ವಿಚ್ಚನ್ನು 10×ಗೆ ತಳ್ಳಿದರೆ ಮತ್ತೆ 4.76. ಪ್ರೋಬಿನಲ್ಲಿ ಆ ಪುಟ್ಟ ಸ್ವಿಚ್ ಏಕಿದೆ ಎಂಬುದು ಇನ್ನು ಮರೆಯುವುದಿಲ್ಲ.

ಇದರ ಜೊತೆಗೆ ಇನ್ನೊಂದು. ಫಂಕ್ಷನ್ ಜನರೇಟರ್ 1 ವೋಲ್ಟ್ ಎಂದು ತೋರಿಸುತ್ತದೆ, ಡಿಎಸ್‌ಒ 2 ವೋಲ್ಟ್ ಎನ್ನುತ್ತದೆ. ಯಾವುದೂ ಕೆಟ್ಟಿಲ್ಲ. 50 ಓಮಿನ ಲೋಡ್ ಇದೆ ಎಂದುಕೊಂಡು ಜನರೇಟರ್ ತನ್ನ ಸಂಖ್ಯೆ ಹೇಳುತ್ತಿದೆ. ಮೆನುವಿನಲ್ಲಿ ಔಟ್‌ಪುಟ್ ಲೋಡನ್ನು ಹೈ–ಜೆಡ್ ಎಂದು ಬದಲಿಸಿ.

6. ಸಿಆರ್‌ಒದ ಕರಿ ಕ್ಲಿಪ್ಪಿಗೆ ಹೆದರುವುದನ್ನು ಕಲಿಯಿರಿ

ಲ್ಯಾಬಿನಲ್ಲಿ ಸುಮ್ಮನೆ ಸುಟ್ಟುಹೋಗುವ ಡಯೋಡುಗಳಲ್ಲಿ ಬಹುಪಾಲು ಸುಡುವುದು ಇಲ್ಲೇ. ಬ್ರಿಜ್ ರೆಕ್ಟಿಫೈಯರ್ ಕಟ್ಟಿದ್ದೀರಿ, ಇನ್‌ಪುಟ್ ಔಟ್‌ಪುಟ್ ಎರಡೂ ವೇವ್‌ಫಾರ್ಮ್ ಒಟ್ಟಿಗೆ ನೋಡುವ ಆಸೆ. ಮೊದಲ ಚಾನೆಲ್ಲನ್ನು ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯ ಎರಡು ತುದಿಗೆ, ಎರಡನೆಯದನ್ನು ಲೋಡಿನ ಪ್ಲಸ್–ಮೈನಸ್ಸಿಗೆ ಸಿಕ್ಕಿಸಿದಿರಿ. ಎರಡು ಪ್ರೋಬಿನ ಕರಿ ಕ್ಲಿಪ್ಪುಗಳು ಸಿಆರ್‌ಒ ಒಳಗೆ ಒಂದೇ ತಂತಿ. ಹಾಗಾಗಿ ಸೆಕೆಂಡರಿಯ ಒಂದು ತುದಿಯೂ ಲೋಡಿನ ಮೈನಸ್ಸೂ ನಿಮಗೆ ಗೊತ್ತಾಗದಂತೆ ಒಂದಾದವು. ಒಂದು ಅರ್ಧ ಸೈಕಲ್ ಸುಸೂತ್ರವಾಗಿ ಹೋಗುತ್ತದೆ. ಮುಂದಿನ ಅರ್ಧದಲ್ಲಿ ಸೆಕೆಂಡರಿಯ ಪೂರ್ತಿ ವೋಲ್ಟೇಜ್ ಲೋಡನ್ನು ಬಿಟ್ಟು ಒಂದೇ ಡಯೋಡಿನ ಮೂಲಕ ಶಾರ್ಟ್ ಆಗುತ್ತದೆ. ಡಯೋಡ್ ಕಾದು ಹೊಗೆ ಬರುತ್ತದೆ. ಹುಡುಗರು ಹೊಸ ಡಯೋಡ್ ತಂದು ಹಾಕುತ್ತಾರೆ, ಅದೂ ಸುಡುತ್ತದೆ.

ದಾರಿ ಸುಲಭ. ಒಂದೊಂದಾಗಿ ನೋಡಿ. ಇಲ್ಲವೇ ಕ್ಲಿಪ್ಪನ್ನು ಲೋಡಿನ ಮೈನಸ್ಸಿಗೆ ಹಾಕಿ, ಎರಡು ಪ್ರೋಬಿನ ಮೊನೆಗಳನ್ನು ಸೆಕೆಂಡರಿಯ ಎರಡು ತುದಿಗೆ ಇಟ್ಟು, ಡಿಎಸ್‌ಒದ ಮ್ಯಾತ್ ಬಟನ್ನಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಿರಿ.

ಇದಕ್ಕಿಂತ ದೊಡ್ಡ ಅಪಾಯ ಪವರ್ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿದೆ. ಆ ಕರಿ ಕ್ಲಿಪ್ ಮೂರು ಪಿನ್ನಿನ ಪ್ಲಗ್ ಮೂಲಕ ಕಟ್ಟಡದ ಅರ್ತಿಗೆ ಸೇರಿದೆ. 230 ವೋಲ್ಟಿಗೆ ನೇರ ಸೇರಿರುವ ಎಸ್‌ಸಿಆರ್ ಸರ್ಕ್ಯೂಟಿಗೆ ಅದನ್ನು ಸಿಕ್ಕಿಸಿದರೆ ಫೇಸ್ ಅರ್ತಿಗೆ ಶಾರ್ಟ್. ಇದಕ್ಕೆ ಪರಿಹಾರವೆಂದು ಸಿಆರ್‌ಒ ಪ್ಲಗ್ಗಿನ ಅರ್ತ್ ಪಿನ್ ತೆಗೆಯುವ ಪದ್ಧತಿ ಕೆಲವೆಡೆ ಇದೆ. ಅದನ್ನು ಯಾರು ಹೇಳಿದರೂ ಕೇಳಬೇಡಿ. ಹಾಗೆ ಮಾಡಿದರೆ ಸಿಆರ್‌ಒದ ಲೋಹದ ಮೈಯೇ 230 ವೋಲ್ಟಿಗೆ ಏರಬಹುದು, ಆ ಮೈಯನ್ನು ಮುಟ್ಟುವುದು ನಿಮ್ಮ ಕೈ. ಸರ್ಕ್ಯೂಟಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಅಥವಾ ಡಿಫರೆನ್ಷಿಯಲ್ ಪ್ರೋಬ್ ಕೇಳಿ. ಲ್ಯಾಬಿನಲ್ಲಿ ಎರಡೂ ಇಲ್ಲದಿದ್ದರೆ ಆ ದಿನ ಆ ವೇವ್‌ಫಾರ್ಮ್ ನೋಡದಿದ್ದರೂ ಪರವಾಗಿಲ್ಲ.

7. ಬ್ರೆಡ್‌ಬೋರ್ಡನ್ನು ನಂಬುವ ಮುನ್ನ ಪರೀಕ್ಷಿಸಿ

ಉದ್ದದ ಬ್ರೆಡ್‌ಬೋರ್ಡುಗಳಲ್ಲಿ ಸಪ್ಲೈ ಸಾಲು ಎಷ್ಟೋ ಸಲ ನಡುವೆ ಕಡಿದಿರುತ್ತದೆ. ಎಡಗಡೆ 5 ವೋಲ್ಟ್ ಇದೆ, ಬಲಗಡೆಯ ಐಸಿ ಸತ್ತಂತಿದೆ ಎಂದರೆ ಅದೇ ಕಾರಣ ಇರಬಹುದು, ಒಂದು ಜಂಪರ್ ಹಾಕಿ. ಒಂಟಿ ಎಳೆಯ ಗಟ್ಟಿ ತಂತಿ ಬಳಸಿ, ಹಲವು ಎಳೆಯದು ರಂಧ್ರದಲ್ಲಿ ಮುರಿದು ಕೂರುತ್ತದೆ. ಪ್ಲಸ್ಸಿಗೆ ಕೆಂಪು, ಗ್ರೌಂಡಿಗೆ ಕಪ್ಪು, ಇದನ್ನು ಎಂದೂ ಬದಲಿಸಬೇಡಿ. ಕಂದು–ಕಪ್ಪು–ಕೆಂಪು 1 ಕಿಲೊಓಮ್, ಕಂದು–ಕಪ್ಪು–ಕಿತ್ತಳೆ 10 ಕಿಲೊಓಮ್. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕೆಂಪು, ಕಿತ್ತಳೆ ಎರಡೂ ಒಂದೇ ಥರ ಕಾಣುತ್ತವೆ. ಪ್ರತಿ ರೆಸಿಸ್ಟರನ್ನೂ ಹಾಕುವ ಮುನ್ನ ಮಲ್ಟಿಮೀಟರಿಗೆ ತೋರಿಸಿ.

ಡಿಜಿಟಲ್ ಲ್ಯಾಬಿನವರಿಗೆ ಒಂದು ಎಚ್ಚರಿಕೆ. 14 ಪಿನ್ನಿನ ಗೇಟ್ ಐಸಿಗಳಲ್ಲಿ ಬಹುತೇಕ 7ನೇ ಪಿನ್ ಗ್ರೌಂಡ್, 14 ಸಪ್ಲೈ. ಆ ಅಭ್ಯಾಸದಲ್ಲೇ 7490 ಕೌಂಟರಿಗೂ ಕನೆಕ್ಷನ್ ಕೊಟ್ಟರೆ ಕೆಟ್ಟಿರಿ, ಅದರಲ್ಲಿ 5 ಸಪ್ಲೈ, 10 ಗ್ರೌಂಡ್. 7476ರಲ್ಲಿ 5 ಸಪ್ಲೈ, 13 ಗ್ರೌಂಡ್. ಬಳಸದ ಇನ್‌ಪುಟ್ ಪಿನ್ನನ್ನು ಗಾಳಿಗೆ ಬಿಡಬೇಡಿ.

8. ಮೆಷಿನ್ ಲ್ಯಾಬಿನಲ್ಲಿ ಕ್ರಮವೇ ಪ್ರಾಣ

220 ವೋಲ್ಟಿನ ಡಿಸಿ ಶಂಟ್ ಮೋಟರು, ಆರ್ಮೇಚರ್ ರೆಸಿಸ್ಟೆನ್ಸ್ 1 ಓಮ್ ಎನ್ನೋಣ. ನಿಂತ ಮೋಟರಿಗೆ ಬ್ಯಾಕ್ ಇಎಂಎಫ್ ಇಲ್ಲ. ನೇರ ಸಪ್ಲೈ ಕೊಟ್ಟರೆ 220 ಆಂಪಿಯರ್ ನುಗ್ಗುತ್ತದೆ. ಅದಕ್ಕೇ ಸ್ಟಾರ್ಟರ್. ಹಿಡಿಯನ್ನು ಒಂದೊಂದೇ ಸ್ಟಡ್ಡಿನ ಮೇಲೆ ಸಾವಕಾಶ ಸರಿಸಿ, ಮೋಟರು ವೇಗ ಹಿಡಿಯುವುದನ್ನು ಕಿವಿಯಿಂದ ಕೇಳುತ್ತ ಸರಿಸಿ, ನಡುವೆ ಮಾತ್ರ ನಿಲ್ಲಿಸಬೇಡಿ. ಒಳಗಿನ ರೆಸಿಸ್ಟೆನ್ಸ್ ಸ್ವಲ್ಪ ಹೊತ್ತಿನ ಕರೆಂಟಿಗಷ್ಟೇ ತಯಾರಾದದ್ದು. ಮೋಟರು ನಿಲ್ಲಿಸಲು ಹಿಡಿಯನ್ನು ಹಿಂದಕ್ಕೆ ಎಳೆಯಬಾರದು, ಮೇನ್ ಸ್ವಿಚ್ ತೆಗೆಯಬೇಕು, ಹಿಡಿ ತಾನೇ ಹಿಂದಕ್ಕೆ ಬರುತ್ತದೆ.

ಶುರುಮಾಡುವಾಗ ಫೀಲ್ಡ್ ರಿಯೋಸ್ಟಾಟ್ ಕನಿಷ್ಠದಲ್ಲಿ, ಆರ್ಮೇಚರ್ ರಿಯೋಸ್ಟಾಟ್ ಗರಿಷ್ಠದಲ್ಲಿ. ಇದನ್ನು ಬಾಯಿಪಾಠ ಮಾಡುವವರು ಬಹಳ, ಏಕೆ ಎಂದು ಕೇಳುವವರು ಕಡಿಮೆ. ಫೀಲ್ಡ್ ದುರ್ಬಲವಾದಷ್ಟೂ ಮೋಟರು ಜೋರಾಗಿ ಓಡುತ್ತದೆ. ಫೀಲ್ಡ್ ತಂತಿ ಪೂರ್ತಿ ಕಳಚಿಕೊಂಡರೆ ವೇಗ ಮಿತಿಮೀರಿ ಯಂತ್ರವೇ ಹಾಳಾಗಬಹುದು. ತ್ರೀ ಪಾಯಿಂಟ್ ಸ್ಟಾರ್ಟರಿನ ನೋ–ವೋಲ್ಟ್ ಕಾಯಿಲ್ ಫೀಲ್ಡಿನ ಜೊತೆ ಸೀರೀಸಿನಲ್ಲಿರುವುದರಿಂದ ಫೀಲ್ಡ್ ಕಡಿದರೆ ಹಿಡಿ ಕಳಚಿ ಮೋಟರು ನಿಲ್ಲುತ್ತದೆ. ಅದೇ ಜೋಡಣೆಯಿಂದಾಗಿ ನೀವು ವೇಗ ಹೆಚ್ಚಿಸಲು ಫೀಲ್ಡ್ ತಗ್ಗಿಸಿದಾಗ ಕಾಯಿಲ್ ಬಲ ಕಳೆದುಕೊಂಡು ಹಿಡಿ ಬೇಡದಿದ್ದರೂ ಬೀಳಬಹುದು. ಫೋರ್ ಪಾಯಿಂಟ್ ಸ್ಟಾರ್ಟರ್ ಬಂದದ್ದು ಇದಕ್ಕೆ. ಹೀಗೆ ಒಂದು ಪೆಟ್ಟಿಗೆಯ ಮುಂದೆ ನಿಂತು ‘ಇದು ಇಲ್ಲಿ ಏಕಿದೆ’ ಎಂದು ಕೇಳುತ್ತ ಹೋದರೆ ಒಂದು ಅಧ್ಯಾಯವೇ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ.

ಟ್ರಾನ್ಸ್‌ಫಾರ್ಮರಿನ ಎಸ್‌ಸಿ ಟೆಸ್ಟಿಗೂ ಇದೇ ಶಿಸ್ತು. 2 ಕೆವಿಎ, 230 ವೋಲ್ಟಿನ ಬದಿ: ಪೂರ್ಣ ಕರೆಂಟ್ 8.7 ಆಂಪಿಯರ್. ಆ ಕರೆಂಟ್ ಹರಿಸಲು ಬೇಕಾದ ವೋಲ್ಟೇಜ್ ಶೇಕಡ 5 ಎಂದುಕೊಂಡರೆ ಬರೀ 11–12 ವೋಲ್ಟ್. ವೇರಿಯಾಕ್ ಸೊನ್ನೆಯಲ್ಲಿದೆಯೇ ಎಂದು ನೋಡದೆ ಸ್ವಿಚ್ ಹಾಕಿ, ಅದು 230ರಲ್ಲಿ ಇದ್ದರೆ ಸುಮಾರು 170 ಆಂಪಿಯರಿನ ಹೊಡೆತ. ಪ್ರತಿ ಪ್ರಯೋಗದ ಶುರುವಿನಲ್ಲೂ ಕೊನೆಯಲ್ಲೂ ವೇರಿಯಾಕ್ ಸೊನ್ನೆಗೆ ಬರಬೇಕು.

ಇನ್ನೆರಡು ಮಾತು. ಡಿಸಿ ಸೀರೀಸ್ ಮೋಟರನ್ನು ಲೋಡ್ ಇಲ್ಲದೆ ಓಡಿಸಬೇಡಿ. ಕರೆಂಟ್ ಹರಿಯುತ್ತಿರುವಾಗ ಸಿಟಿಯ (ಕರೆಂಟ್ ಟ್ರಾನ್ಸ್‌ಫಾರ್ಮರಿನ) ಸೆಕೆಂಡರಿಯನ್ನು ತೆರೆಯಬೇಡಿ.

9. ವೈರು ಎಲ್ಲರ ಕೈಗೂ ಬರಲಿ

ಒಂದು ಟೇಬಲ್ಲಿಗೆ ನಾಲ್ಕು ಮಂದಿ ಇದ್ದರೆ ಕೆಲಸ ತಾನಾಗಿ ಹಂಚಿಹೋಗುತ್ತದೆ, ಮತ್ತು ಯಾವಾಗಲೂ ಒಂದೇ ಥರ ಹಂಚಿಹೋಗುತ್ತದೆ: ಹುಡುಗರ ಕೈಗೆ ವೈರು, ಹುಡುಗಿಯರ ಕೈಗೆ ಪೆನ್ನು. ಬರವಣಿಗೆ ಚೆಂದ ಎಂಬ ಒಂದೇ ಕಾರಣಕ್ಕೆ ಒಬ್ಬ ವಿದ್ಯಾರ್ಥಿನಿ ಒಂದು ಸ್ಕ್ರೂಡ್ರೈವರ್ ಹಿಡಿಯದೆ ನಾಲ್ಕು ವರ್ಷ ಮುಗಿಸುವುದು ಅನ್ಯಾಯ, ಅದನ್ನು ಅನ್ಯಾಯ ಎಂದೇ ಕರೆಯಬೇಕು. ಹಳ್ಳಿಯಿಂದ ಬಂದು ಮಾತಾಡಲು ಹಿಂಜರಿಯುವ ಹುಡುಗನ ಪಾಡೂ ಇದೇ, ಅವನು ಹಿಂದೆ ನಿಂತು ನೋಡುತ್ತಾನೆ. ಪಾಳಿ ಮಾಡಿಕೊಳ್ಳಿ. ಈ ವಾರ ಕನೆಕ್ಷನ್ ಕೊಟ್ಟವರು ಮುಂದಿನ ವಾರ ರೀಡಿಂಗ್ ಬರೆಯಲಿ. ಮೇಷ್ಟ್ರು, ಮೇಡಂ ಹೇಳುವವರೆಗೂ ಕಾಯಬೇಡಿ, ನಿಮ್ಮ ಸರದಿಯನ್ನು ನೀವೇ ಕೇಳಿ: “ಇವತ್ತು ನಾನು ಕಟ್ಟುತ್ತೇನೆ, ನೀನು ಬರಿ.”

10. ಔಟ್‌ಪುಟ್ ಬಾರದಿದ್ದಾಗ ಕಳಚಬೇಡಿ, ಹುಡುಕಿ

“ಸರ್, ಔಟ್‌ಪುಟ್ ಬರ್ತಾ ಇಲ್ಲ.”

“ಐಸಿಯ ಪಿನ್ನಿನ ಮೇಲೆ ಸಪ್ಲೈ ಎಷ್ಟಿದೆ ನೋಡಿದ್ಯಾ?”

“ಪವರ್ ಸಪ್ಲೈನಲ್ಲಿ 12 ತೋರಿಸ್ತಿದೆ ಸರ್.”

“ಅದಲ್ಲ ಕೇಳಿದ್ದು, ಪಿನ್ನಿನ ಮೇಲೆ?”

ದಿನವೂ ಲ್ಯಾಬಿನಲ್ಲಿ ನಡೆಯುವ ಮಾತುಕತೆ ಇದು. ಹುಡುಕಾಟದ ಕ್ರಮ ಇಷ್ಟೇ: ಮೊದಲು ಐಸಿಯ ಕಾಲಿನ ಮೇಲೆಯೇ ಸಪ್ಲೈ, ಆಮೇಲೆ ಗ್ರೌಂಡ್, ಆಮೇಲೆ ಇನ್‌ಪುಟ್ ಸಿಗ್ನಲ್, ಆಮೇಲೆ ಸರ್ಕ್ಯೂಟನ್ನು ಮಧ್ಯದಲ್ಲಿ ಮುಟ್ಟಿ ನೋಡುವುದು. ಅಲ್ಲಿ ಸರಿಯಿದ್ದರೆ ದೋಷ ಮುಂದಿನ ಅರ್ಧದಲ್ಲಿ, ಸರಿಯಿಲ್ಲದಿದ್ದರೆ ಹಿಂದಿನ ಅರ್ಧದಲ್ಲಿ. ಸಪ್ಲೈ ನೋಡಬೇಕಾದ ಪಿನ್ನುಗಳು 741ರಲ್ಲಿ 7 ಮತ್ತು 4, 555ರಲ್ಲಿ 8 ಮತ್ತು 1, ಜೊತೆಗೆ 555ರ ರೀಸೆಟ್ ಆಗಿರುವ 4ನೇ ಪಿನ್ ಸಪ್ಲೈಗೆ ಸೇರಿದೆಯೇ ಎಂಬುದನ್ನೂ ನೋಡಿ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಆದರೆ ಕಲೆಕ್ಟರ್–ಎಮಿಟರ್ ನಡುವಿನ ಡಿಸಿ ಅಳೆಯಿರಿ: ಸಪ್ಲೈನ ಅರ್ಧದ ಹತ್ತಿರವಿದ್ದರೆ ಬಯಾಸ್ ಸರಿ, ಪೂರ್ತಿ ಸಪ್ಲೈ ಇದ್ದರೆ ಟ್ರಾನ್ಸಿಸ್ಟರ್ ಮಲಗಿದೆ, 0.2ರಷ್ಟಿದ್ದರೆ ಸ್ಯಾಚುರೇಷನ್.

ಮೊದಲ ಸೂತ್ರದ ರೆಕ್ಟಿಫೈಯರಿಗೆ ಮರಳೋಣ. ರಿಪಲ್ 1 ವೋಲ್ಟ್ ಬರಬೇಕಿತ್ತು, ಸುಮಾರು 2 ಬಂತು, ಆವರ್ತನ 100ರ ಬದಲು 50 ಹರ್ಟ್ಜ್. ಬಿಚ್ಚಿ ನೋಡದೆಯೇ ಹೇಳಬಹುದು, ಎರಡರಲ್ಲಿ ಒಂದು ಡಯೋಡ್ ಕೆಲಸ ಮಾಡುತ್ತಿಲ್ಲ. ಅಂದಾಜು ಬರೆದಿಟ್ಟಿದ್ದಕ್ಕೆ ಸಿಗುವ ಫಲ ಇದು.

ಲ್ಯಾಬ್ ಬೇಗ ಮುಗಿದ ದಿನ ಗೆಳತಿಗೆ ಹೇಳಿ, ನಿಮ್ಮ ಚಾಲೂ ಇರುವ ಸರ್ಕ್ಯೂಟಿನಲ್ಲಿ ಕಾಣದಂತೆ ಒಂದು ತಪ್ಪು ಮಾಡಿಡಲಿ. ನೀವು ಹುಡುಕಿ, ಆಮೇಲೆ ಅವಳ ಸರದಿ. ದೋಷ ಹುಡುಕುವ ಕಣ್ಣು ಬೆಳೆಯಲು ಇದಕ್ಕಿಂತ ಒಳ್ಳೆಯ ಆಟ ಇಲ್ಲ.

11. ಗ್ರಾಫನ್ನು ಟೇಬಲ್ಲಿನ ಮೇಲೆಯೇ ಎಳೆಯಿರಿ

ಫ್ರೀಕ್ವೆನ್ಸಿ ರೆಸ್ಪಾನ್ಸ್ ತೆಗೆಯುವಾಗ ಒಂದೊಂದು ರೀಡಿಂಗಿಗೂ ಸೆಮಿಲಾಗ್ ಹಾಳೆಯಲ್ಲಿ ಚುಕ್ಕೆ ಇಡುತ್ತ ಹೋಗಿ. ಎಲ್ಲಿ ರೇಖೆ ಬಾಗುತ್ತದೋ ಅಲ್ಲಿ ಹತ್ತಿರ ಹತ್ತಿರ ರೀಡಿಂಗ್ ಬೇಕು, ಸಪಾಟಾಗಿರುವ ಕಡೆ ಮೂರು ನಾಲ್ಕು ಸಾಕು. ಮನೆಗೆ ಹೋಗಿ ಗ್ರಾಫ್ ಎಳೆದಾಗ ಒಂದು ಚುಕ್ಕೆ ಹೊರಗೆ ಬಿದ್ದರೆ ಅದನ್ನು ಮತ್ತೆ ಅಳೆಯಲು ಸರ್ಕ್ಯೂಟ್ ಎಲ್ಲಿದೆ?

12. ಬೆಸುಗೆ

ಬೆಸುಗೆಯನ್ನು ಕೈಯೇ ಕಲಿಯಬೇಕು. ಬಿಸಿ ಮೊನೆಯಿಂದ ಮೊದಲು ಪ್ಯಾಡನ್ನೂ ಕಾಲನ್ನೂ ಕಾಯಿಸಿ, ಆಮೇಲೆ ಬೆಸುಗೆ ತಂತಿಯನ್ನು ಅವೆರಡರ ಸಂದಿಗೆ ಮುಟ್ಟಿಸಿ, ಮೊನೆಗಲ್ಲ. ಸರಿಯಾದ ಬೆಸುಗೆ ಹೊಳೆಯುತ್ತ ಕಾಲನ್ನು ತಬ್ಬಿ ಹರಡಿರುತ್ತದೆ. ಮಂಕಾಗಿ ಉಂಡೆಯಂತೆ ಕೂತದ್ದು ಇವತ್ತು ಕೆಲಸ ಮಾಡಿ ನಾಳೆ ಕೈಕೊಡುತ್ತದೆ. ಹಳೆಯ ಬೋರ್ಡುಗಳ ಮೇಲೆ ಬಿಚ್ಚಿ ಬೆಸೆದು ಅಭ್ಯಾಸ ಮಾಡಿ. ಬೆಸುಗೆ ತಂತಿಯಲ್ಲಿ ಸೀಸ ಇರಬಹುದು, ಊಟಕ್ಕೆ ಮುನ್ನ ಕೈ ತೊಳೆಯಿರಿ.

13. ಸಿಮ್ಯುಲೇಷನ್ ಮೊದಲು ಮಾಡಿ, ಅದನ್ನೇ ಕೊನೆ ಎನ್ನಬೇಡಿ

ಎಲ್‌ಟಿಸ್ಪೈಸ್ ಉಚಿತ. ಐಐಟಿ ಬಾಂಬೆಯ ಫಾಸಿ ತಂಡದ ಇಸಿಮ್ ಉಚಿತ, ಮುಕ್ತ ತಂತ್ರಾಂಶ. ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಮನೆಯಲ್ಲೇ ಕೂತು ಮಾಡಬಹುದಾದ ಪ್ರಯೋಗಗಳಿವೆ. ಲ್ಯಾಬಿನ ಹಿಂದಿನ ರಾತ್ರಿ ಸರ್ಕ್ಯೂಟನ್ನು ಇವುಗಳಲ್ಲಿ ಓಡಿಸಿದರೆ ಮೊದಲ ಸೂತ್ರದ ಕೆಲಸ ಅರ್ಧ ಮುಗಿಯುತ್ತದೆ. ಆದರೆ ಕಂಪ್ಯೂಟರಿನಲ್ಲಿ ಬ್ರೆಡ್‌ಬೋರ್ಡ್ ರಂಧ್ರ ಸಡಿಲವಾಗುವುದಿಲ್ಲ, ಕೆಪಾಸಿಟರ್ ಶೇಕಡ 20 ತಪ್ಪುವುದಿಲ್ಲ, ಕರಿ ಕ್ಲಿಪ್ ಶಾರ್ಟ್ ಆಗುವುದಿಲ್ಲ. ಕಿಟ್ಟುಗಳನ್ನು ಬೀರುವಿನಲ್ಲಿ ಬೀಗ ಹಾಕಿಟ್ಟು ಸಾಫ್ಟ್‌ವೇರಿನಲ್ಲೇ ಲ್ಯಾಬ್ ಮುಗಿಸುವ ಕಾಲೇಜಿನಲ್ಲಿ ನೀವಿದ್ದರೆ ಬೀಗ ತೆಗೆಸಿ. ವಿನಯದಿಂದ ಕೇಳಿ, ಗುಂಪಾಗಿ ಕೇಳಿ, ಮತ್ತೆ ಮತ್ತೆ ಕೇಳಿ.

14. ಡೇಟಾಶೀಟಿನ ಎರಡು ಸಾಲು

741ರ ಡೇಟಾಶೀಟಿನಲ್ಲಿ ಎರಡು ಸಂಖ್ಯೆ ಹುಡುಕಿ: ಗೇನ್–ಬ್ಯಾಂಡ್‌ವಿಡ್ತ್ ಸುಮಾರು 1 ಮೆಗಾಹರ್ಟ್ಜ್, ಸ್ಲ್ಯೂ ರೇಟ್ ಮೈಕ್ರೋಸೆಕೆಂಡಿಗೆ 0.5 ವೋಲ್ಟ್. ಗೇನ್ 100 ಇಟ್ಟರೆ 10 ಕಿಲೊಹರ್ಟ್ಜ್ ಹೊತ್ತಿಗೆ ಅದು 70ರ ಹತ್ತಿರಕ್ಕೆ ಇಳಿದಿರುತ್ತದೆ. 50 ಕಿಲೊಹರ್ಟ್ಜಿನ ಚೌಕ ಅಲೆ ಕೊಟ್ಟು ದೊಡ್ಡ ಔಟ್‌ಪುಟ್ ಕೇಳಿದರೆ ತ್ರಿಕೋನ ಬರುತ್ತದೆ, ಏಕೆಂದರೆ ಅರ್ಧ ಸೈಕಲಿನ 10 ಮೈಕ್ರೋಸೆಕೆಂಡಿನಲ್ಲಿ ಅದು 5 ವೋಲ್ಟಿಗಿಂತ ಹೆಚ್ಚು ಏರಲಾರದು. ಎರಡನ್ನೂ ಲ್ಯಾಬಿನಲ್ಲಿ ಕಣ್ಣಾರೆ ನೋಡಿ.

15. ಮನೆಯಲ್ಲೊಂದು ಪುಟ್ಟ ಮೂಲೆ

ಒಂದು ಮಲ್ಟಿಮೀಟರ್, ಬ್ರೆಡ್‌ಬೋರ್ಡ್, 5 ವೋಲ್ಟಿನ ಮೊಬೈಲ್ ಚಾರ್ಜರ್, ಕೈತುಂಬ ರೆಸಿಸ್ಟರು, ಎಲ್‌ಇಡಿ, ನಾಲ್ಕು 555. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯ ಅಂಗಡಿಗಳಿವೆ, ಬೇರೆ ಊರಿನವರು ರೇಡಿಯೊ, ಟಿವಿ ರಿಪೇರಿ ಅಂಗಡಿಯವರ ಸ್ನೇಹ ಮಾಡಿಕೊಳ್ಳಿ. ಅವರ ಬಳಿ ಬಿಡಿಭಾಗದ ಜೊತೆಗೆ ಅನುಭವವೂ ಸಿಗುತ್ತದೆ. ಕೆಟ್ಟ ಚಾರ್ಜರ್, ಹಳೆಯ ರೇಡಿಯೊ ಬಿಚ್ಚಿ ನೋಡಿ. ಕಡಿಮೆ ಡಿಸಿ ವೋಲ್ಟೇಜಿನಲ್ಲಿ ಏನು ಬೇಕಾದರೂ ಮಾಡಿ, ಮನೆಯ 230 ವೋಲ್ಟಿನ ತಂತಿಗೆ ಮಾತ್ರ ಒಬ್ಬರೇ ಕೈಹಾಕಬೇಡಿ. ಎಲ್‌ಇಡಿ ಬಲ್ಬು, ಚಾರ್ಜರಿನ ಒಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಹೊಡೆಯಬಹುದು.

16. ಲ್ಯಾಬಿನ ಗೋಡೆಯಾಚೆ

ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ತಲುಪಿತು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅಷ್ಟು ದೂರ ತಂತಿ ಎಳೆಯಲು ಹೆಚ್ಚಿನ ವೋಲ್ಟೇಜೇ ಬೇಕು: ಅದೇ ಶಕ್ತಿಗೆ ವೋಲ್ಟೇಜ್ ಹತ್ತು ಪಟ್ಟು ಮಾಡಿದರೆ ಕರೆಂಟ್ ಹತ್ತನೇ ಒಂದು ಭಾಗ, ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ನೂರನೇ ಒಂದು ಭಾಗ. ಪವರ್ ಸಿಸ್ಟಮ್ಸ್ ಲ್ಯಾಬಿನ ಟ್ರಾನ್ಸ್‌ಮಿಷನ್ ಲೈನ್ ಕಿಟ್ ಮುಂದೆ ಕೂತಾಗ ಈ ಲೆಕ್ಕ ನೆನಪಿರಲಿ. ನಿಮ್ಮ ತಾಲ್ಲೂಕಿನ ಸಬ್‌ಸ್ಟೇಷನ್ನಿಗೆ ಕಾಲೇಜಿನ ಪತ್ರ ಹಿಡಿದು ಹೋಗಿ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ನೀವು 12 ವೋಲ್ಟಿನಲ್ಲಿ ಮೃದುವಾಗಿ ಮಾಡಿದ ಶಾರ್ಟ್ ಸರ್ಕ್ಯೂಟ್ ಟೆಸ್ಟಿನ ಉಗ್ರರೂಪ ಅಲ್ಲಿ ನಡೆಯುತ್ತದೆ, ನಿಜವಾದ ಶಾರ್ಟಿನ ಹೊಡೆತವನ್ನು ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳುತ್ತದೆಯೇ ಎಂದು ಅಲ್ಲಿ ನೋಡುತ್ತಾರೆ. ಕೈಗಾರಿಕಾ ಭೇಟಿಗೆ ಊರು ಆರಿಸುವಾಗ ಇಂಥ ಜಾಗಗಳ ಹೆಸರನ್ನು ಮೊದಲು ಬರೆಯಿರಿ.

17. ವೈವಾಕ್ಕೆ ಒಂದೇ ಪ್ರಯೋಗವನ್ನು ತಳದವರೆಗೆ ಕಲಿಯಿರಿ

ಎಲ್ಲ ಪ್ರಯೋಗಗಳ ವ್ಯಾಖ್ಯಾನ ಉರುಹೊಡೆಯುವುದಕ್ಕಿಂತ ಒಂದನ್ನು ತಳದವರೆಗೆ ಬಗೆಯಿರಿ. ಮೊದಲು ಕನ್ನಡದಲ್ಲಿ ಗೆಳೆಯನಿಗೆ ವಿವರಿಸಿ, ಕನ್ನಡದಲ್ಲಿ ತಡವರಿಸಿದರೆ ವಿಷಯವೇ ತಿಳಿದಿಲ್ಲ ಎಂದರ್ಥ, ಇಂಗ್ಲಿಷನ್ನು ಆಮೇಲೆ ನೋಡಿಕೊಳ್ಳಬಹುದು. ಎಕ್ಸ್‌ಟರ್ನಲ್ ಆಗಿ ಬರುವವರೂ ಕ್ಯಾಂಪಸ್ಸಿಗೆ ಬರುವ ಕಂಪನಿಯವರೂ ಸುತ್ತಿ ಬಳಸಿ ಕೇಳುವುದು ಕೆಲವೇ ಪ್ರಶ್ನೆ: ಈ ರೆಸಿಸ್ಟರ್ ಇಲ್ಲಿ ಏಕೆ, ತೆಗೆದರೆ ಏನಾಗುತ್ತದೆ? ಬೆಲೆ ಎರಡು ಪಟ್ಟಾದರೆ? ನಿಮ್ಮ ರೀಡಿಂಗ್ ಲೆಕ್ಕಕ್ಕಿಂತ ಏಕೆ ಕಡಿಮೆ ಬಂತು? ಈ ಮೀಟರನ್ನೇ ಏಕೆ ಆರಿಸಿದಿರಿ? ಪರೀಕ್ಷೆಯ ಹಿಂದಿನ ವಾರ ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು, ನಿಮ್ಮ ಸರ್ಕ್ಯೂಟಿನ ಪ್ರತಿಯೊಂದು ಬಿಡಿಭಾಗಕ್ಕೂ ಕೇಳಿಕೊಳ್ಳಿ. ಉತ್ತರ ಸಿಗದ ಭಾಗವನ್ನು ಲ್ಯಾಬಿಗೆ ಹೋಗಿ ಕಿತ್ತು ನೋಡಿ, ಸಪ್ಲೈ ಆಫ್ ಮಾಡಿಕೊಂಡೇ.